ನೊರೆ ಬಂದ ಮಾತ್ರಕ್ಕೆ ಬಟ್ಟೆ ಶುದ್ಧವೇ?



ಕನ್ನಡ ಉಳಿಸುವ ಬಗೆ, ಮಕ್ಕಳಿಗೆ ಸಂಸ್ಕೃತಿ ಕಲಿಸುವ ಬಗೆ, ರಾಜ್ಯೋತ್ಸವದ ಊಟಕ್ಕೆ ಬಿಸಿಬೇಳೆ ಭಾತು ಸಾಲದೆ ಹೋದ ಬಗೆ, ಇಂಥ ಘನವಾದ ವಿಷಯಗಳ ಮೇಲೆ ಈ ಪತ್ರಿಕೆಯಲ್ಲಿ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಈ ಸಲ ಬೇಸ್‌ಮೆಂಟಿಗೆ ಇಳಿಯುತ್ತಿದ್ದೇನೆ. ಅಮೆರಿಕದ ನಮ್ಮ ಮನೆಗಳ ಲಾಂಡ್ರಿ ರೂಮುಗಳಲ್ಲಿ ಒಂದು ಮೂಢನಂಬಿಕೆ ಗಟ್ಟಿಯಾಗಿ ಬೇರುಬಿಟ್ಟಿದೆ. ಪಿಎಚ್‌ಡಿ ಮಾಡಿದವರ ಮನೆಯಲ್ಲೂ ಇದೆ, ಕಂಪ್ಯೂಟರ್ ಎಂಜಿನಿಯರುಗಳ ಮನೆಯಲ್ಲೂ ಇದೆ. "ನೊರೆ ಹೆಚ್ಚಾದಷ್ಟೂ ಬಟ್ಟೆ ಶುದ್ಧ" ಎಂಬುದೇ ಆ ನಂಬಿಕೆ. ಇದು ತಪ್ಪು, ದಂಡದ ಖರ್ಚು, ಕೆಲವು ಸಂದರ್ಭಗಳಲ್ಲಿ ಅಪಾಯ ಕೂಡ. ಇದನ್ನು ನಿಮ್ಮ ತಲೆಯಿಂದ ತೆಗೆಯಲೇಬೇಕೆಂದು ಹಟ ತೊಟ್ಟು ಕುಳಿತಿದ್ದೇನೆ.

"ರೋಗ ನೋಡುವ ಡಾಕ್ಟರಿಗೆ ಸೋಪಿನ ಉಸಾಬರಿ ಏಕೆ?" ಎಂದು ಕೇಳುವವರು ಕೇಳಲಿ. ಉಸಾಬರಿ ಇದೆ. ಮೈ ತುರಿಕೆ ಎಂದು ಬಂದವರನ್ನು "ಏನು ತಿಂದಿರಿ?" ಎಂದು ಕೇಳುವುದರ ಜೊತೆಗೆ "ಮೆಷಿನ್ನಿಗೆ ಎಷ್ಟು ಸೋಪು ಹಾಕುತ್ತೀರಿ?" ಎಂದೂ ನಾನು ಕೇಳುತ್ತೇನೆ. ನಮ್ಮವರ ಉತ್ತರ ಬಹುಮಟ್ಟಿಗೆ ಒಂದೇ. "ಒಂದು ಮುಚ್ಚಳ ತುಂಬ ಡಾಕ್ಟ್ರೇ. ಬಟ್ಟೆ ಕೊಳೆಯಾಗಿದ್ದರೆ ಇನ್ನೂ ಸ್ವಲ್ಪ." ಆ "ಇನ್ನೂ ಸ್ವಲ್ಪ"ದ ಜೊತೆಗೇ ನನ್ನ ಜಗಳ. ಮಗುವಿಗೆ ಜ್ವರದ ಔಷಧಿ ಕೊಡುವಾಗ ಕಣ್ಣಿನ ಮಟ್ಟಕ್ಕೆ ಹಿಡಿದು ಮಿಲಿಲೀಟರು ಅಳೆಯುವ ಕೈಯೇ, ಅದೇ ಮಗುವಿನ ಚಡ್ಡಿ ಬನಿಯನ್ನು ಒಗೆಯುವಾಗ ಡಬ್ಬಿಯನ್ನು ಬಗ್ಗಿಸಿ ಗಳಗಳ ಸುರಿಯುತ್ತದೆ. ಇದು ಯಾವ ನ್ಯಾಯ?

ಮೊದಲು ಈ ನಂಬಿಕೆ ಹುಟ್ಟಿದ್ದು ಎಲ್ಲಿ ಎಂದು ನೋಡೋಣ. ನಮ್ಮ ಹಿರಿಯರು ದಡ್ಡರಾಗಿದ್ದರು ಎಂದು ನಾನು ಖಂಡಿತ ಹೇಳುವುದಿಲ್ಲ. ಅವರ ಕಾಲದ ಬಾರ್ ಸೋಪು ಎಣ್ಣೆ ಮತ್ತು ಕ್ಷಾರದಿಂದ ಮಾಡಿದ ನಿಜವಾದ ಸೋಪು. ಬಯಲುಸೀಮೆಯ ಬಾವಿ ಬೋರ್‌ವೆಲ್ಲುಗಳ ನೀರು ಗಡಸು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಅಂಥ ನೀರಿಗೆ ಸೋಪು ಹಾಕಿದರೆ ಅದು ಮೊದಲು ಆ ಲವಣಗಳ ಜೊತೆ ಸೇರಿ ಬಿಳಿಯ ಜಿಡ್ಡಾಗಿ ವ್ಯರ್ಥವಾಗುತ್ತದೆ. ಲವಣಗಳ ಪಾಲು ತೀರಿದ ಮೇಲೆ ಮಿಕ್ಕ ಸೋಪು ಮಾತ್ರ ನೊರೆ ಕೊಡುತ್ತದೆ. ಆದ್ದರಿಂದ "ನೊರೆ ಬಂತು" ಎಂದರೆ "ಇನ್ನು ಕೊಳೆ ತೆಗೆಯಲು ಸೋಪು ಉಳಿದಿದೆ" ಎಂದೇ ಅರ್ಥವಿತ್ತು. ಆ ಸೋಪಿಗೆ, ಆ ನೀರಿಗೆ, ಒಗೆಯುವ ಕಲ್ಲಿನ ಮುಂದೆ ನಿಂತ ನಮ್ಮ ಅಜ್ಜಿಗೆ, ನೊರೆ ಒಂದು ಸರಿಯಾದ ಅಳತೆಗೋಲು.

ಆಮೇಲೆ ಸೋಪು ಬದಲಾಯಿತು. ಈ ದೇಶದಲ್ಲಿ 1946ರಲ್ಲಿ ಟೈಡ್ ಬಂತು. ಭಾರತಕ್ಕೆ 1959ರಲ್ಲಿ ಸರ್ಫ್ ಬಂತು, 1969ರಲ್ಲಿ ಕರ್ಸನ್‌ಭಾಯ್ ಪಟೇಲರು ನಿರ್ಮಾ ಪುಡಿ ಶುರು ಮಾಡಿದರು. ಇವು ಸೋಪಲ್ಲ, ಡಿಟರ್ಜೆಂಟುಗಳು. ಗಡಸು ನೀರಿನಲ್ಲೂ ಜಿಡ್ಡು ಕಟ್ಟದೆ ಕೆಲಸ ಮಾಡುವುದೇ ಇವುಗಳ ಹೆಚ್ಚುಗಾರಿಕೆ. ಅಂದರೆ ನೊರೆ ಯಾವುದರ ಗುರುತಾಗಿತ್ತೋ ಅದು ಹೊರಟುಹೋಯಿತು, ಗುರುತು ಮಾತ್ರ ಉಳಿಯಿತು. ಬಕೆಟ್ಟಿನ ತುಂಬ ಮೋಡದಂಥ ನೊರೆ ತೋರಿಸಿದ ಜಾಹೀರಾತುಗಳು ಆ ಗುರುತನ್ನು ನಮ್ಮ ಮನಸ್ಸಿನಲ್ಲಿ ಇನ್ನಷ್ಟು ಭದ್ರ ಮಾಡಿದವು. ಯಜಮಾನರು ಮನೆ ಬಿಟ್ಟು ಹೋದ ಮೇಲೂ ಬಾಗಿಲಲ್ಲಿ ತೂಗುವ ನಾಮಫಲಕಕ್ಕೆ ನಾವು ಕೈಮುಗಿಯುತ್ತಿದ್ದೇವೆ.

ಹಾಗಾದರೆ ಕೊಳೆ ತೆಗೆಯುವುದು ಯಾವುದು? ಡಿಟರ್ಜೆಂಟಿನ ಪ್ರತಿಯೊಂದು ಕಣಕ್ಕೂ ಎರಡು ತುದಿ. ಒಂದಕ್ಕೆ ನೀರೆಂದರೆ ಪ್ರೀತಿ, ಇನ್ನೊಂದಕ್ಕೆ ಜಿಡ್ಡೆಂದರೆ ಪ್ರೀತಿ. ಜಿಡ್ಡಿನ ತುದಿ ಕೊಳೆಯನ್ನು ಕಚ್ಚಿಕೊಳ್ಳುತ್ತದೆ, ನೀರಿನ ತುದಿ ಅದನ್ನು ಎಳೆದುಕೊಂಡು ಹೋಗುತ್ತದೆ. ಈ ಕೆಲಸವೆಲ್ಲ ನಡೆಯುವುದು ನೀರಿನ ಒಳಗೆ, ಕಣ್ಣಿಗೆ ಕಾಣದಂತೆ. ಕಣ್ಣಿಗೆ ಕಾಣುವ ನೊರೆ ಎಂದರೆ ಬರೀ ಗಾಳಿ. ಅದರ ಸುತ್ತ ಸೋಪುನೀರಿನ ತೆಳುವಾದ ಪೊರೆ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಮಕ್ಕಳಿಗೆ ಗಾದೆ ಹೇಳಿಕೊಡುತ್ತೇವೆ. ಲಾಂಡ್ರಿ ರೂಮಿನಲ್ಲಿ ತುಳುಕುವುದನ್ನೇ ನೋಡಿ ಹಿಗ್ಗುತ್ತೇವೆ.

ನಮ್ಮ ಮಡಿವಾಳರನ್ನು ನೆನೆಯಿರಿ. ಅವರು ಊರಿನ ಬಟ್ಟೆಯನ್ನೆಲ್ಲ ಚೌಳು ಮಣ್ಣಿನ ನೀರಿನಲ್ಲಿ ಅದ್ದಿ, ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿ, ಹೊಳೆಯ ಕಲ್ಲಿನ ಮೇಲೆ ಒಗೆದು, ಬಿಸಿಲಿಗೆ ಹರವಿ ಹಾಲಿನಂತೆ ಬಿಳಿ ಮಾಡಿ ತರುತ್ತಿದ್ದರು. ಅದರಲ್ಲಿ ನೊರೆ ಎಲ್ಲಿತ್ತು? ಕ್ಷಾರ ಇತ್ತು, ಬಿಸಿ ಇತ್ತು, ಪೆಟ್ಟು ಇತ್ತು, ಹರಿಯುವ ನೀರಿತ್ತು. ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. "ಒಗೆ" ಎಂದರೆ ಬೀಸಿ ಎಸೆ ಎಂದೂ ಅರ್ಥ. ಉತ್ತರ ಕರ್ನಾಟಕದ ಬಂಧುಗಳು ಇಂದಿಗೂ ಬೇಡದ್ದನ್ನು "ಒಗೆದುಬಿಡು" ಎನ್ನುತ್ತಾರೆ. ಬಟ್ಟೆ ಶುದ್ಧವಾಗುವುದು ಆ ಎಸೆತದ ಪೆಟ್ಟಿನಿಂದ.

ಈಗ ನಿಮ್ಮ ಬೇಸ್‌ಮೆಂಟಿನ ಮೆಷಿನ್ನಿಗೆ ಬನ್ನಿ. ಮುಂದೆ ಗಾಜಿನ ಬಾಗಿಲಿರುವ ಫ್ರಂಟ್ ಲೋಡರ್ ಮಾಡುವುದೂ ಅದೇ ಒಗೆತ. ಡ್ರಮ್ಮು ತಿರುಗುತ್ತ ಬಟ್ಟೆಯನ್ನು ಮೇಲಕ್ಕೆ ಎತ್ತಿ ದೊಪ್ಪೆಂದು ಕೆಳಗೆ ಹಾಕುತ್ತದೆ. ಒಳಗೆಲ್ಲ ನೊರೆ ತುಂಬಿದರೆ ಬಟ್ಟೆ ಬೀಳುವುದು ನೊರೆಯ ಮೇಲೆ, ಪೆಟ್ಟೇ ತಗಲುವುದಿಲ್ಲ. ಒಗೆಯುವ ಕಲ್ಲಿನ ಮೇಲೆ ಹತ್ತಿಯ ಹಾಸಿಗೆ ಹಾಸಿ ಅದರ ಮೇಲೆ ಬಟ್ಟೆ ಒಗೆದಂತೆ! ಅಂದರೆ ಸೋಪು ಹೆಚ್ಚಾದರೆ ಬಟ್ಟೆ ಹೆಚ್ಚು ಶುದ್ಧವಾಗುವುದಿರಲಿ, ಇದ್ದ ಶುದ್ಧಿಯೂ ಕಡಿಮೆಯಾಗುತ್ತದೆ.

ನೀರಿನ ಲೆಕ್ಕವನ್ನೂ ನೋಡಿ. ನಡುವೆ ಕಂಬವಿದ್ದ ಹಳೆಯ ಟಾಪ್ ಲೋಡರುಗಳು ಒಂದು ಲೋಡಿಗೆ ಸುಮಾರು 40 ಗ್ಯಾಲನ್ ನೀರು ಕುಡಿಯುತ್ತಿದ್ದವು. ಈಗಿನ ಕಡಿಮೆ ನೀರಿನ ಮೆಷಿನ್ನುಗಳು ಅದರ ಅರ್ಧಕ್ಕಿಂತ ಕಡಿಮೆ ನೀರಿನಲ್ಲಿ ಕೆಲಸ ಮುಗಿಸುತ್ತವೆ. ಮೆಷಿನ್ ಬದಲಾಯಿತು, ನೀರು ಇಳಿಯಿತು, ಡಿಟರ್ಜೆಂಟು ಹಿಂದಿಗಿಂತ ಗಟ್ಟಿಯಾಯಿತು. ನಮ್ಮ ಕೈ ಮಾತ್ರ ಹಳೆಯ ಕೈ. ಎಂಟು ಜನರ ಸಾರಿಗೆ ಹಾಕುವ ಉಪ್ಪನ್ನು ಮೂರು ಜನರ ಸಾರಿಗೆ ಹಾಕಿದರೆ ಊಟ ಮಾಡುತ್ತೀರಾ? ಉಪ್ಪಿಗಿಂತ ರುಚಿಯಿಲ್ಲ ಎಂಬ ಮಾತು ನಿಜ. ಹಾಗೆಂದು ಯಾರೂ ಮುಷ್ಟಿಗಟ್ಟಲೆ ಸುರಿಯುವುದಿಲ್ಲ. ಇನ್ನು ಮನೆಯಲ್ಲಿ ಉಪ್ಪು ಹಾಕುವ ವಾಟರ್ ಸಾಫ್ಟ್‌ನರ್ ಇದ್ದವರಿಗೆ ಇನ್ನೂ ಕಡಿಮೆ ಡಿಟರ್ಜೆಂಟು ಸಾಕು. ಮೆದು ನೀರಿನಲ್ಲಿ ನೊರೆ ಬೇಗ ಏಳುತ್ತದೆ, ಬೇಗ ಇಳಿಯುವುದಿಲ್ಲ.

ನೊರೆ ಮಿತಿಮೀರಿದಾಗ ಮೆಷಿನ್ನಿನ ಪಾಡು ಕೇಳಿ. ಅದರ ಪಂಪು ನೀರನ್ನು ಹೊರಹಾಕಬಲ್ಲದು, ಗಾಳಿ ತುಂಬಿದ ನೊರೆಯನ್ನು ತಳ್ಳಲಾರದು. ತಿರುಗುವ ಡ್ರಮ್ಮಿಗೂ ಹೊರಗಿನ ತೊಟ್ಟಿಗೂ ನಡುವೆ ನೊರೆ ಸಿಕ್ಕಿಕೊಂಡು ಸ್ಪಿನ್ ನಿಧಾನವಾಗುತ್ತದೆ. ಹಲವು ಮೆಷಿನ್ನುಗಳು ಇದನ್ನು ತಾವೇ ಗುರುತಿಸಿ, ನೊರೆ ಇಳಿಯಲೆಂದು ಕಾಯುತ್ತವೆ, ಇನ್ನೊಂದು ಸಲ ನೀರು ತೆಗೆದುಕೊಂಡು ಜಾಲಿಸುತ್ತವೆ. ನೀರು ಉಳಿಸಲೆಂದು ಕೊಂಡ ಮೆಷಿನ್ನು ನಮ್ಮ ಉದಾರತೆಯಿಂದಾಗಿ ಹೆಚ್ಚು ನೀರು ಕುಡಿಯುತ್ತದೆ. ಕೆಲವು ಮಾಡೆಲ್ಲುಗಳಲ್ಲಿ "ಎಸ್‌ಡಿ" ಅಥವಾ "ಎಸ್‌ಯುಡಿ" ಎಂಬ ಅಕ್ಷರಗಳು ಮೂಡುತ್ತವೆ. ಅದು ಕೆಟ್ಟಿದೆ ಎಂಬ ಸೂಚನೆಯಲ್ಲ. "ಸಾಕು ಮಾರಾಯರೇ, ಸೋಪು ಜಾಸ್ತಿಯಾಯಿತು" ಎಂಬ ಬೇಡಿಕೆ. ಅದನ್ನು ಓದದೆ ರಿಪೇರಿಯವನನ್ನು ಕರೆಸಿ, ಅವನು ಬಾಗಿಲು ತಟ್ಟಿದ್ದಕ್ಕೇ ದುಡ್ಡು ತೆತ್ತವರು ನಮ್ಮಲ್ಲಿ ಕಡಿಮೆ ಇಲ್ಲ.

ಜಾಲಿಸಿ ಹೋಗದ ಸೋಪು ಎಲ್ಲಿ ಹೋಗುತ್ತದೆ? ಒಂದು ಪಾಲು ಬಾಗಿಲಿನ ರಬ್ಬರು ಮಡಿಕೆಯಲ್ಲಿ, ಡ್ರಮ್ಮಿನ ಹಿಂದೆ ಕೊಳೆಯ ಜೊತೆ ಲೋಳೆಯಾಗಿ ಕೂರುತ್ತದೆ. ಅಲ್ಲಿ ಸದಾ ಒದ್ದೆ. ಬೂಷ್ಟು, ಬ್ಯಾಕ್ಟೀರಿಯ ಬೆಳೆಯಲು ಇನ್ನೇನು ಬೇಕು? ಮುಗ್ಗಲು ವಾಸನೆ ಬರುತ್ತದೆ. ವಾಸನೆ ಹೋಗಲಿ ಎಂದು ಮತ್ತಷ್ಟು ಸೋಪು, ಅದರ ಮೇಲೆ ಪರಿಮಳದ ಮಣಿಗಳು. ಬೆಂಕಿ ಆರಿಸಲು ತುಪ್ಪ ಸುರಿದ ಹಾಗೆ! ಇನ್ನೊಂದು ಪಾಲು ಬಟ್ಟೆಯಲ್ಲೇ ಉಳಿಯುತ್ತದೆ. ಟವೆಲ್ಲು ಒರಟಾಗುತ್ತದೆ, ಕಪ್ಪು ಪ್ಯಾಂಟಿನ ಮೇಲೆ ಬಿಳಿ ಗೆರೆ ಕಾಣುತ್ತದೆ.

ಇಲ್ಲಿ ವೈದ್ಯನಾಗಿ ಮಾತು ತೂಗಿ ಆಡುತ್ತೇನೆ. ಮೈ ತುರಿಕೆಗೆಲ್ಲ ಡಿಟರ್ಜೆಂಟೇ ಕಾರಣ ಎಂದು ನಾನು ಹೇಳುತ್ತಿಲ್ಲ. ಡಿಟರ್ಜೆಂಟಿಗೆ ನಿಜವಾದ ಅಲರ್ಜಿ ಅಪರೂಪ. ಇದ್ದರೂ ಹೆಚ್ಚಾಗಿ ಅದರೊಳಗಿನ ಸುಗಂಧಕ್ಕೋ ಕೆಡದಂತೆ ಹಾಕುವ ರಾಸಾಯನಿಕಕ್ಕೋ ಇರುತ್ತದೆ. ಆದರೆ ಅಲರ್ಜಿ ಬೇರೆ, ಕೆರಳಿಕೆ ಬೇರೆ. ಇಲ್ಲಿಯ ಚಳಿಗಾಲದಲ್ಲಿ ಹೀಟರಿನ ಒಣಗಾಳಿಗೆ ಬಿರಿದ ಚರ್ಮ, ಎಕ್ಸಿಮಾ ಇರುವ ಮಗುವಿನ ಚರ್ಮ, ವಯಸ್ಸಾದವರ ತೆಳು ಚರ್ಮ, ಇವು ಬಟ್ಟೆಯಲ್ಲಿ ಉಳಿದ ಸೋಪಿನಿಂದ ಕೆರಳಬಹುದು. ಅಂಥವರಿಗೆ ಮುಲಾಮು ಬರೆಯುವ ಮೊದಲು ಮೂರು ಮಾತು ಹೇಳುತ್ತೇನೆ: ಸೋಪು ಇಳಿಸಿ, ಸುಗಂಧವಿಲ್ಲದ್ದನ್ನು ಕೊಳ್ಳಿ, ಒಂದು ರಿನ್ಸ್ ಹೆಚ್ಚು ಕೊಡಿ. ಇದಕ್ಕೆ ಖರ್ಚೇನೂ ಇಲ್ಲ, ಸೈಡ್ ಎಫೆಕ್ಟೂ ಇಲ್ಲ.

ಈಗ ನಮ್ಮವರ ವಾದಗಳಿಗೆ ಉತ್ತರ ಕೊಡುತ್ತೇನೆ.

"ಅಮೆರಿಕನ್ನರ ಬಟ್ಟೆ ಬೇರೆ, ನಮ್ಮದು ಬೇರೆ. ಅರಿಶಿನ, ಎಣ್ಣೆ, ಒಗ್ಗರಣೆ!" ಎನ್ನುತ್ತಾರೆ. ಅರಿಶಿನದ ಬಣ್ಣ ಸೋಪಿನ ಕ್ಷಾರಕ್ಕೆ ಇನ್ನೂ ಕೆಂಪಗಾಗುತ್ತದೆ. ಕುಂಕುಮವನ್ನು ಅರಿಶಿನ ಮತ್ತು ಸುಣ್ಣದಿಂದ ಮಾಡುವ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕೆ? ಅದಕ್ಕೆ ಮದ್ದು ಬಿಸಿಲು. ತೊಳೆದ ಬಟ್ಟೆಯನ್ನು ಡೆಕ್ಕಿನ ಮೇಲೆ ಬಿಸಿಲಿಗೆ ಹರವಿ, ಕಲೆ ತಾನಾಗಿ ಮಾಸುತ್ತದೆ. ಎಣ್ಣೆಸ್ನಾನದ ಟವೆಲ್ಲಿಗೆ ಬೇಕಾದದ್ದು ಬಿಸಿನೀರು. ಎಣ್ಣೆಯ ಕಲೆಯ ಮೇಲೆ ನೇರವಾಗಿ ನಾಲ್ಕು ಹನಿ ಡಿಟರ್ಜೆಂಟು ತಿಕ್ಕಿ ಸ್ವಲ್ಪ ಹೊತ್ತು ಬಿಟ್ಟು ಒಗೆಯಿರಿ, ಅದೂ ಒಟ್ಟು ಅಳತೆಯೊಳಗೇ ಇರಲಿ. ಒಂದು ಕಲೆಗಾಗಿ ಇಡೀ ಲೋಡಿಗೆ ಶಿಕ್ಷೆ ಬೇಡ.

"ನಮ್ಮದು ಮಡಿಯ ಮನೆ, ಶುದ್ಧಿ ಮುಖ್ಯ" ಎನ್ನುವವರಿಗೆ ಒಂದೇ ಪ್ರಶ್ನೆ. ನಿಮ್ಮ ಅಜ್ಜಿ ಮಡಿಸೀರೆಗೆ ಸೋಪು ಹಾಕುತ್ತಿದ್ದರೇ? ಬರೀ ನೀರಿನಲ್ಲಿ ಅದ್ದಿ, ಹಿಂಡಿ, ಯಾರೂ ಮುಟ್ಟದಂತೆ ಕೋಲಿನಲ್ಲಿ ಎತ್ತಿ ಗಳುವಿನ ಮೇಲೆ ಹಾಕುತ್ತಿದ್ದರು. ನಮ್ಮ ಅತ್ಯಂತ ಕಟ್ಟುನಿಟ್ಟಿನ ಶುದ್ಧಿಯಲ್ಲಿ ನೊರೆಗೆ ಜಾಗವೇ ಇರಲಿಲ್ಲ.

"ಅಮ್ಮ ಹೀಗೇ ಒಗೆಯುತ್ತಿದ್ದಳು" ಎನ್ನುವವರು ಅಮ್ಮನ ಅರ್ಧ ಕೆಲಸವನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಸೋಪು ಹಚ್ಚಿದ್ದು ನೆನಪಿದೆ. ಆಮೇಲೆ ಮೂರು ಬಕೆಟ್ಟು ನೀರಿನಲ್ಲಿ, ನೀರು ತಿಳಿಯಾಗುವವರೆಗೆ ಜಾಲಿಸಿದ್ದು ಮರೆತಿದೆ. ಅಮ್ಮನಿಗೆ ನೊರೆ ಬರಿಸುವುದೂ ಗೊತ್ತಿತ್ತು, ಅದನ್ನು ಪೂರ್ತಿ ಕಳೆಯುವುದೂ ಗೊತ್ತಿತ್ತು.

"ಮುಚ್ಚಳ ಕೊಟ್ಟಿರುವುದೇ ಅಳತೆಗೆ, ತುಂಬ ಹಾಕಿದರೆ ತಪ್ಪೇನು?" ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಿವೆ. ಮಾಮೂಲಿ ಲೋಡಿನ ಗೆರೆ ಎಷ್ಟೋ ಕೆಳಗೆ ಇರುತ್ತದೆ, ಅದರ ಮೇಲೆ ಬೇಕಾದಷ್ಟು ಜಾಗ ಖಾಲಿ. ಗೆರೆ ಕಾಣದಿದ್ದರೆ ನಷ್ಟ ಯಾರಿಗೆ, ಡಬ್ಬಿ ಬೇಗ ಖಾಲಿಯಾದರೆ ಲಾಭ ಯಾರಿಗೆ? ಕೂಪನ್ ಕತ್ತರಿಸಿ ಐವತ್ತು ಸೆಂಟು ಉಳಿಸುವ ಜಾಣರಾದ ನಾವು ಇಲ್ಲಿ ಹೇಗೆ ಮೋಸಹೋದೆವು?

ಇನ್ನೊಂದು ಕಾರಣ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಊರಿನಿಂದ ಅಪ್ಪ ಅಮ್ಮ, ಅತ್ತೆ ಮಾವ ಆರು ತಿಂಗಳಿಗೆಂದು ಬರುತ್ತಾರೆ. ಹೊರಗೆ ಹಿಮ, ಹೋಗಲು ಜಾಗವಿಲ್ಲ. ಗಾಜಿನ ಬಾಗಿಲ ಮುಂದೆ ನಿಂತು ನೋಡುತ್ತಾರೆ. "ನೊರೆಯೇ ಇಲ್ಲವಲ್ಲ, ಇದೇನು ಒಗೆಯುತ್ತೋ!" ಎನ್ನುತ್ತಾರೆ. ಸೊಸೆಗೆ ಬಟ್ಟೆ ಒಗೆಯಲು ಬರುವುದಿಲ್ಲ ಎಂಬ ಮಾತು ಅದರ ಹಿಂದೆಯೇ ಬರುತ್ತದೆ. ಆ ಮಾತಿಗೆ ಹೆದರಿ ಎಷ್ಟು ಹೆಣ್ಣುಮಕ್ಕಳು ಇನ್ನೊಂದು ಮುಚ್ಚಳ ಸುರಿದಿದ್ದಾರೋ! ಆ ನೊರೆ ಬಟ್ಟೆಗಾಗಿ ಅಲ್ಲ, ನೋಡುವವರ ಕಣ್ಣಿಗಾಗಿ. ಹಿರಿಯರದು ತಪ್ಪಲ್ಲ, ಅವರ ಕಾಲದ ಅಳತೆಗೋಲು ಅವರ ಕೈಯಲ್ಲಿದೆ. ಕುಳಿತು, ಗೌರವದಿಂದ, ಮೇಲೆ ಹೇಳಿದ ಗಡಸು ನೀರಿನ ಕತೆ ಹೇಳಿ. ಅವರಿಗೆ ನಮಗಿಂತ ಬೇಗ ಅರ್ಥವಾಗುತ್ತದೆ. ಈ ಮಾತು ಹೇಳುವ ಹೊಣೆ ಮಗನದು, ಸೊಸೆಯದಲ್ಲ. ಮಗರಾಯರು ಮೊದಲು ಬೇಸ್‌ಮೆಂಟಿನ ಮೆಟ್ಟಿಲು ಇಳಿಯಲಿ.

ನೊರೆಯೇ ಶುದ್ಧಿಯ ಲಕ್ಷಣವಾದರೆ ಬೆಂಗಳೂರಿನ ಬೆಳ್ಳಂದೂರು ಕೆರೆಗಿಂತ ಶುದ್ಧವಾದ ಕೆರೆ ಈ ಭೂಮಿಯ ಮೇಲೆ ಇರಬಾರದಾಗಿತ್ತು! 2015ರಲ್ಲಿ ಅದರ ನೊರೆ ಹಿಮದ ಗುಡ್ಡೆಯಂತೆ ಎದ್ದು ರಸ್ತೆಗೆ ಹಾರಿ ಬಂದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಶುದ್ಧೀಕರಿಸದ ಚರಂಡಿ ನೀರು, ಅದರೊಳಗಿನ ಡಿಟರ್ಜೆಂಟು ಅದಕ್ಕೆ ದೊಡ್ಡ ಕಾರಣ. ಅದೇ ವರ್ಷ, ಮತ್ತೆ 2017 ಮತ್ತು 2018ರಲ್ಲಿ, ಆ ಕೆರೆಯಲ್ಲಿ ಬೆಂಕಿಯೂ ಹೊತ್ತಿಕೊಂಡಿತು. ಅಮೆರಿಕವೂ ಇದನ್ನು ಕಂಡಿದೆ. 1950ರ ದಶಕದಲ್ಲಿ ಇಲ್ಲಿಯ ನದಿಗಳಲ್ಲಿ ಡಿಟರ್ಜೆಂಟಿನ ನೊರೆ ತೇಲುತ್ತಿತ್ತು. 1965ರ ಹೊತ್ತಿಗೆ ತಯಾರಕರು ನೀರಿನಲ್ಲಿ ಬೇಗ ಕರಗಿ ಕೊಳೆಯುವ ರಾಸಾಯನಿಕಕ್ಕೆ ಬದಲಾಯಿಸಿಕೊಳ್ಳಬೇಕಾಯಿತು.

ಇನ್ನು ಕೆಲಸದ ಮಾತು. ಮೆಷಿನ್ನಿನಲ್ಲಿ ನೊರೆ ಉಕ್ಕಿದರೆ ಗಾಬರಿ ಬೇಡ. ಮೆಷಿನ್ ನಿಲ್ಲಿಸಿ. ಫ್ರಂಟ್ ಲೋಡರಾದರೆ ಒಳಗೆ ನೀರಿರುವಾಗ ಬಾಗಿಲು ತೆರೆಯಲು ಹೋಗಬೇಡಿ. ಅರ್ಧ ಗಂಟೆಯಾದರೂ ಸುಮ್ಮನೆ ಬಿಡಿ, ನೊರೆ ತಾನಾಗಿ ಕುಸಿಯುತ್ತದೆ. ಆಮೇಲೆ ನೀರು ಹೊರಹಾಕಿ, ಸೋಪು ಹಾಕದೆ ತಣ್ಣೀರಿನಲ್ಲಿ ರಿನ್ಸ್ ಮತ್ತು ಸ್ಪಿನ್ ಕೊಡಿ. ನೊರೆ ಹೋಗದಿದ್ದರೆ ಇನ್ನೊಂದು ಸಲ. ಬಟ್ಟೆ ತೆಗೆದ ಮೇಲೆ ಮೆಷಿನ್ನನ್ನು ಬರಿದಾಗಿ ಬಿಸಿನೀರಿನಲ್ಲಿ ಒಮ್ಮೆ ಓಡಿಸಿ, ರಬ್ಬರು ಮಡಿಕೆ ಒರೆಸಿ, ಬಾಗಿಲು ಸ್ವಲ್ಪ ತೆರೆದಿಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಲಾಂಡ್ರಿ ರೂಮಿನ ಬಾಗಿಲು ಮಾತ್ರ ಹಾಕಿರಲಿ. ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ಯಾವ ಕಾರಣಕ್ಕೂ ಬಟ್ಟೆಯ ಮೆಷಿನ್ನಿಗೆ ಹಾಕಬೇಡಿ.

ನೊರೆ ಇಳಿಸಲು ವಿನಿಗರ್ ಸುರಿಯಿರಿ ಎಂದು ಸಲಹೆ ಕೊಡುವವರಿದ್ದಾರೆ. ಈ ಮಾತನ್ನು ದಯವಿಟ್ಟು ಎರಡು ಸಲ ಓದಿ: ಬ್ಲೀಚ್ ಹಾಕಿದ ಮೆಷಿನ್ನಿಗೆ ವಿನಿಗರ್ ಹಾಕಬಾರದು, ವಿನಿಗರ್ ಹಾಕಿದ ಮೆಷಿನ್ನಿಗೆ ಬ್ಲೀಚ್ ಹಾಕಬಾರದು. ಎರಡೂ ಸೇರಿದರೆ ಕ್ಲೋರೀನ್ ಅನಿಲ ಹೊರಡುತ್ತದೆ. 1915ರಲ್ಲಿ ಬೆಲ್ಜಿಯಂನ ಈಪ್ರ್‌ನಲ್ಲಿ ಸೈನಿಕರ ಮೇಲೆ ಬಿಟ್ಟ ಅನಿಲ ಇದೇ. ಕಿಟಕಿಯಿಲ್ಲದ ಬೇಸ್‌ಮೆಂಟಿನಲ್ಲಿ ಅದು ಸ್ವಲ್ಪವಾದರೂ ಸಾಕು. ಕಣ್ಣು ಗಂಟಲು ಉರಿ, ಕೆಮ್ಮು, ಉಬ್ಬಸ ಶುರುವಾಗುತ್ತದೆ, ಆಸ್ತಮಾ ಇದ್ದವರಿಗೆ ಕೇಳುವುದೇ ಬೇಡ. ಅಮೋನಿಯ ಇರುವ ಕ್ಲೀನರುಗಳನ್ನೂ ಬ್ಲೀಚಿನ ಜೊತೆ ಸೇರಿಸಬಾರದು. ವಾಸನೆ ಬಂದ ಕೂಡಲೇ ಎಲ್ಲವನ್ನೂ ಬಿಟ್ಟು ಹೊರಗಿನ ಗಾಳಿಗೆ ಬನ್ನಿ. ಉಸಿರಾಟ ಕಷ್ಟವಾದರೆ 911. ಸಲಹೆ ಬೇಕಾದರೆ ಪಾಯ್ಸನ್ ಕಂಟ್ರೋಲ್: 1-800-222-1222, ಹಗಲೂ ರಾತ್ರಿ ಇರುತ್ತಾರೆ.

ಅಳತೆಯ ತಲೆನೋವು ಬೇಡವೆಂದು ಪಾಡ್ ಕೊಳ್ಳುವವರಿಗೂ ಒಂದು ಮಾತು. ಸಣ್ಣ ಲೋಡಿಗೆ ಒಂದು ಪಾಡೇ ಹೆಚ್ಚಾಗಬಹುದು, ಅರ್ಧ ಮಾಡಲು ಬರುವುದಿಲ್ಲ. ಇನ್ನು ಅದರ ಬಣ್ಣ ಮಿಠಾಯಿಯ ಬಣ್ಣ. 2012 ಮತ್ತು 2013, ಈ ಎರಡೇ ವರ್ಷಗಳಲ್ಲಿ, 6 ವರ್ಷಕ್ಕಿಂತ ಚಿಕ್ಕ ಮಕ್ಕಳು ಪಾಡ್ ಬಾಯಿಗೆ ಹಾಕಿಕೊಂಡ, ಕಣ್ಣಿಗೆ ಸಿಡಿಸಿಕೊಂಡ 17,000ಕ್ಕೂ ಹೆಚ್ಚು ಪ್ರಕರಣಗಳು ಈ ದೇಶದ ಪಾಯ್ಸನ್ ಕಂಟ್ರೋಲ್ ಕೇಂದ್ರಗಳಿಗೆ ವರದಿಯಾದವು. ಮೊಮ್ಮಕ್ಕಳು ಓಡಾಡುವ ಮನೆಯಲ್ಲಿ ಪಾಡಿನ ಡಬ್ಬಿ ಬೀಗದ ಕಪಾಟಿನಲ್ಲಿರಲಿ, ಅಥವಾ ಮನೆಗೇ ಬೇಡ.

ಸರಿಯಾದ ಡೋಸು ಇಷ್ಟು: ಡಬ್ಬಿಯ ಮೇಲೆ "ಎಚ್‌ಇ" ಎಂಬ ಅಕ್ಷರಗಳಿರುವ ಡಿಟರ್ಜೆಂಟನ್ನೇ ಕೊಳ್ಳಿ. ಮಾಮೂಲಿ ಲೋಡಿಗೆ ಎರಡು ಟೇಬಲ್ ಚಮಚ, ಅಂದರೆ ಸುಮಾರು 30 ಮಿಲಿಲೀಟರು, ಅದಕ್ಕಿಂತ ಹೆಚ್ಚು ಬೇಡ. ಡಬ್ಬಿಯೇ ಅದಕ್ಕಿಂತ ಕಡಿಮೆ ಹೇಳಿದರೆ ಅಷ್ಟೇ ಹಾಕಿ. ಮುಚ್ಚಳದ ಗೆರೆಯ ಮೇಲೆ ಕಪ್ಪು ಮಾರ್ಕರಿನಿಂದ ಎಳೆಯಿರಿ, ಎಲ್ಲರಿಗೂ ಕಾಣಲಿ.

ನನ್ನ ಮಾತು ನಂಬಬೇಡಿ, ಪರೀಕ್ಷೆ ಮಾಡಿ. ಈ ಶನಿವಾರ ಒಗೆದಿಟ್ಟಿರುವ ನಾಲ್ಕಾರು ಟವೆಲ್ಲುಗಳನ್ನು ಮೆಷಿನ್ನಿಗೆ ಹಾಕಿ. ಬಿಸಿನೀರು ಬಿಡಿ. ಒಂದು ಹನಿ ಸೋಪೂ ಹಾಕಬೇಡಿ. ಹತ್ತು ನಿಮಿಷ ಬಿಟ್ಟು ಗಾಜಿನಲ್ಲಿ ಇಣುಕಿ. ನೊರೆ ಕಂಡಿತೇ? ಅದು ಹಿಂದಿನ ಒಗೆತಗಳ ಸೋಪು. ಇಷ್ಟು ದಿನ ಅದರಿಂದಲೇ ನೀವು ಮುಖ ಒರೆಸಿಕೊಂಡಿರಿ, ಮಗುವಿನ ಮೈ ಒರೆಸಿದಿರಿ. ನೊರೆ ಕಾಣದಿದ್ದರೆ ನಿಮಗೆ ನನ್ನ ನಮಸ್ಕಾರ; ಮುಂದಿನ ಪಿಕ್‌ನಿಕ್ಕಿನಲ್ಲಿ ಸಿಕ್ಕಾಗ ಹೇಳಿ, ಉಳಿದವರಿಗೂ ನೀವೇ ಪಾಠ ಮಾಡಿ.

ನಿಮ್ಮ ಸಂಘದ ಒಬ್ಬ ವೈದ್ಯ